ಮಾಮಾನ ಎಂಜಿನ್ ಹೊತ್ತು ಕಿತ್ತೂರಿಗೆ

ಧಾರವಾಡದಿಂದ ಬೆಳಿಗ್ಗೆ ಹೊರಟ ಬಸ್ಸು ಸವದತ್ತಿಯ ಮೇಲೆ ಹಾಯ್ದು ರಾಮದುರ್ಗ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಅಲ್ಲಿಂದ ಸುರೇಬಾನದ ಬಸ್ಸು ಹಿಡಿದು ನಡುವೆ ಒಂದು ಬೇವಿನ ಮರದ ಕೆಳಗೆ ಇಳಿದುಕೊಂಡೆ. ಅಲ್ಲಿಂದ ಮಾಮಾನ ಊರಿಗೆ ಕಾಲುದಾರಿ. ನಾನು ಧಾರವಾಡದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಶಾಲೆಯ ಪುಸ್ತಕಗಳ ಗಡಿಬಿಡಿ ಮುಗಿದು ಐದು ದಿನ ರಜೆ ಸಿಕ್ಕಿತ್ತು. ಮಲಪ್ರಭೆಯ ದಂಡೆಯಲ್ಲಿ ಕೂತು, ಅತ್ತೆಯ ಕೈಯ ಬಿಸಿ ರೊಟ್ಟಿ ತಿಂದು ಬರುವುದಕ್ಕಿಂತ ಹೆಚ್ಚಿನ ಯೋಚನೆ ನನಗಿರಲಿಲ್ಲ.

ಮನೆಗೆ ಬೀಗ ಹಾಕಿತ್ತು. ನೆರೆಮನೆಯ ಈರಪ್ಪ ಹೊಳೆಯ ಕಡೆ ಕೈ ತೋರಿಸಿದ. ಇಳಿದು ಹೋಗಿ ನೋಡಿದರೆ, ನನ್ನ ಸೋದರಮಾವ ಚನ್ನಬಸಪ್ಪ ಒಂದು ನೀಲಿ ದೋಣಿಯಲ್ಲಿ ನಿಂತು, ಅದರ ಹಿಂಬದಿಗೆ ಕಚ್ಚಿಸಿದ್ದ ಎಂಜಿನ್ನಿನ ಹಗ್ಗವನ್ನು ಎಳೆಯುತ್ತಿದ್ದ. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ನನ್ನನ್ನು ನೋಡಿ ಕುಶಲ ಕೇಳಲಿಲ್ಲ.

“ಬಂದಿಯಾ ಸುಜಾತಾ? ಬಾ. ಈ ಹಗ್ಗ ನೀ ಒಮ್ಮೆ ಎಳದ ನೋಡು. ನಿನ್ನ ಕೈಗುಣಾನರೆ ನೋಡೋಣು.”

ನಾನು ಎಳೆದೆ. ಎಂಜಿನ್ ಒಂದು ಸಲ ಬಿಕ್ಕಳಿಸಿದಂತೆ ಮಾಡಿ ಸುಮ್ಮನಾಯಿತು.

ದೋಣಿಯ ಕಥೆಯನ್ನು ಮಾಮಾ ದಂಡೆಯ ಮೇಲೆ ಕೂತು ಹೇಳಿದ. ಅವನ ಕಬ್ಬಿನ ಹೊಲ ಹೊಳೆಯ ಆಚೆಗಿದೆ. ಅಲ್ಲೊಂದು ಹೊಲದ ಮನೆ, ನಾಲ್ಕು ಎಮ್ಮೆ. ಹಿಂದೊಮ್ಮೆ ಹೊಳೆ ಬಂದಾಗ ಮುಂದೆ ನದಿ, ಹಿಂದೆ ಹಳ್ಳ, ಎರಡೂ ತುಂಬಿ ಆ ಹೊಲ ನಡುಗಡ್ಡೆಯಾಗಿತ್ತು. ಅತ್ತೆ ನೀಲವ್ವ ಒಂದಿಡೀ ದಿನ ಮನೆಯ ಮಾಳಿಗೆಯ ಮೇಲೆ ಕೂತಿದ್ದಳು. ಕಟ್ಟಿಹಾಕಿದ್ದ ಎರಡು ಎಮ್ಮೆ ಅವಳ ಕಣ್ಣೆದುರಿಗೇ ಮುಳುಗಿದ್ದವು. ಅದಾದ ಮೇಲೆ ಮಾಮಾ ದೋಣಿಯ ಹಟ ಹಿಡಿದ. ಈ ವರ್ಷ ಬೇಸಿಗೆಯಲ್ಲಿ ಕರಾವಳಿಗೆ ಹೋಗಿ ಹಳೆಯ ಫೈಬರ್ ದೋಣಿಯನ್ನೂ ಎಂಜಿನ್ನನ್ನೂ ಕೊಂಡು ಟೆಂಪೋದಲ್ಲಿ ಹೇರಿಕೊಂಡು ಬಂದ. ಅಲ್ಲಿ ಮಾರಿದವನು ಸಮುದ್ರದಲ್ಲಿ ಓಡಿಸಿ ತೋರಿಸಿದ್ದನಂತೆ. ಇಲ್ಲಿಗೆ ಬಂದ ಮೇಲೆ ಒಮ್ಮೆಯೂ ಚಾಲೂ ಆಗಿರಲಿಲ್ಲ.

ನದಿ ಆಗ ಇಳಿದೇ ಇತ್ತು, ಹುಟ್ಟು ಹಾಕಿ ದಾಟಬಹುದಿತ್ತು. ನಮ್ಮ ಕಡೆ ಮಳೆಯೇ ಇರಲಿಲ್ಲ. ಆದರೆ ಮೇಲೆ ಖಾನಾಪುರದ ಕಾಡಿನಲ್ಲಿ ಸುರಿಯುತ್ತಿತ್ತು. ಸವದತ್ತಿಯ ಅಣೆಕಟ್ಟು ತುಂಬುತ್ತ ಬಂದಿದೆ, ಯಾವ ಹೊತ್ತಿಗಾದರೂ ನೀರು ಬಿಡಬಹುದು ಎಂದು ಊರಲ್ಲಿ ಡಂಗುರ ಸಾರಿದ್ದರು. ನೀರು ಬಿಟ್ಟ ಮೇಲೆ ಹುಟ್ಟು ನಡೆಯುವುದಿಲ್ಲ. ಎಮ್ಮೆಗಳ ಜೊತೆ ಹೊಲದ ಮನೆಯಲ್ಲಿದ್ದ ಅತ್ತೆ ಈಗಲೇ ಈಚೆಗೆ ಬಂದುಬಿಡಬಾರದೇ ಎಂದು ಕೇಳಿದೆ. ಮಾಮಾ ಫೋನು ಹಚ್ಚಿ ನನ್ನ ಕೈಗೆ ಕೊಟ್ಟ.

“ಒಂದು ಎಮ್ಮಿ ಇವತ್ತೋ ನಾಳೆಯೋ ಈಯೂಹಂಗ ಐತಿ,” ಎಂದಳು ಅತ್ತೆ. “ಅದನ್ನ ಬಿಟ್ಟು ನಾ ಬರಾಂಗಿಲ್ಲ. ನಿಮ್ಮ ಮಾಮಾಗ ಕೇಳು, ಚಾಲೂ ಆತೇನು?”

“ಇಲ್ಲ ಅತ್ತಿ.”

“ಹಂಗಾರ ಎಂಜಿನ್ ಬಿಚ್ಚಿ ದೇವರ ಮಾಡದಾಗ ಇಡ್ರಿ ಅನ್ನು. ದೀಪಾ ಹಚ್ಚಿ ಪೂಜಿ ಮಾಡೋಣು.”

ಮರುದಿನ ಎಂಜಿನ್ ಬಿಚ್ಚಿ, ಗೋಣಿಚೀಲದಲ್ಲಿ ಕಟ್ಟಿ, ನಾನೊಂದು ಕಡೆ ಮಾಮಾ ಒಂದು ಕಡೆ ಹಿಡಿದುಕೊಂಡು ರಸ್ತೆಗೆ ಬಂದೆವು. ಕಳೆ ತೆಗೆಯುವ ಕಾಲ, ಬೇರೆ ಯಾರಿಗೂ ಪುರುಸೊತ್ತಿರಲಿಲ್ಲ. “ನೀ ಹ್ಯಾಂಗೂ ಊರು ನೋಡಾಕ ಬಂದಾಕಿ,” ಎಂದು ಮಾಮಾ ನನ್ನನ್ನು ಎಬ್ಬಿಸಿದ್ದ. ಪೆಟ್ರೋಲಿನ ಟ್ಯಾಂಕು ಬೇರೆ ಇತ್ತು. ಅದನ್ನೂ ಅದರ ರಬ್ಬರ್ ಪೈಪನ್ನೂ ಹತ್ತಿಸಲು ಹೋದರೆ ಕಂಡಕ್ಟರ್ ಬಸ್ಸಿನ ಬಾಗಿಲಲ್ಲೇ ಅಡ್ಡ ನಿಂತ.

“ಪೆಟ್ರೋಲ್ ವಾಸನಿ ಬರಾಕ ಹತ್ತೈತಿ ಯಜಮಾನ್ರ. ಅದನ್ನ ಮಾತ್ರ ಹತ್ತಸಬ್ಯಾಡ್ರಿ.”

ಟ್ಯಾಂಕು, ಪೈಪು ಎರಡನ್ನೂ ರಸ್ತೆಯವರೆಗೆ ಹೊತ್ತು ತಂದಿದ್ದ ಈರಪ್ಪನ ಕೈಯಲ್ಲೇ ವಾಪಸು ಕಳಿಸಿದೆವು. ಬಸ್ಸಿನಲ್ಲಿ ನನಗೆ ದುಡ್ಡಿಲ್ಲದ ಟಿಕೆಟ್, ಗುರುತಿನ ಚೀಟಿ ತರದ ಮಾಮಾನಿಗೆ ಅರವತ್ತಾಗಿದ್ದರೂ ಪೂರ್ತಿ ಟಿಕೆಟ್, ಎಂಜಿನ್ನಿಗೆ ಲಗೇಜು. ರಾಮದುರ್ಗದಲ್ಲಿ ಬಸ್ ನಿಲ್ದಾಣದ ಹಿಂದೆ ನೀರಿನ ಪಂಪು ರಿಪೇರಿ ಮಾಡುವ ಅಂಗಡಿಯೊಂದಿತ್ತು. ಅಲ್ಲಿಯ ಮಿಸ್ತ್ರಿ ಎಂಜಿನ್ನನ್ನು ಒಂದು ಮರದ ದಿಮ್ಮಿಗೆ ಬಿಗಿದು, ಅದರ ರೆಕ್ಕೆಗಳಿರುವ ಕೆಳಗಿನ ಕಾಲನ್ನು ನೀರು ತುಂಬಿದ ಡ್ರಮ್ಮಿನೊಳಗೆ ಇಳಿಬಿಟ್ಟ. ಒಂದು ಬಾಟಲಿಯಲ್ಲಿ ಪೆಟ್ರೋಲು ತುಂಬಿ ಮೊಳೆಗೆ ತೂಗುಹಾಕಿ, ಸಣ್ಣ ಪೈಪು ಜೋಡಿಸಿದ. ಪ್ಲಗ್ ಬಿಚ್ಚಿ ಉಜ್ಜಿ ಹಾಕಿ ಹಗ್ಗ ಎಳೆದ.

ಎಂಜಿನ್ ಚಾಲೂ ಆಯಿತು. ಡ್ರಮ್ಮಿನ ನೀರು ಕುದಿದು ರಸ್ತೆಗೆಲ್ಲ ಸಿಡಿಯಿತು.

ಮಾಮಾ ಹೊಗೆಯ ನಡುವೆ ನಿಂತು ನಗುತ್ತಿದ್ದ. ಪ್ಲಗ್ಗಿನದೇ ತಕರಾರು ಎಂದ ಮಿಸ್ತ್ರಿ. ನಾವು ಖುಷಿಯಿಂದ ಗಿರಮಿಟ್ಟು ತಿಂದು, ಚಹಾ ಕುಡಿದು, ಸಂಜೆಯ ಬಸ್ಸಿಗೆ ಊರಿಗೆ ಬಂದು ಎಂಜಿನ್ನನ್ನು ದೋಣಿಗೆ ಕಚ್ಚಿಸಿದೆವು. ಟ್ಯಾಂಕಿನ ಪೈಪು ಸಿಕ್ಕಿಸಿ ಮಾಮಾ ಹಗ್ಗ ಎಳೆದ. ಎಳೆಯುತ್ತಲೇ ಇದ್ದ. ಆಮೇಲೆ ಈರಪ್ಪ ಎಳೆದ. ನಾನು ದಂಡೆಯಲ್ಲಿ ನಿಂತು ಟಾರ್ಚು ಹಿಡಿದಿದ್ದೆ. ಈರಪ್ಪ ಒಂದು ತೆಂಗಿನಕಾಯಿ ತಂದು ದೋಣಿಯ ಮೂತಿಗೆ ಒಡೆದ. ಅದರಿಂದಲೂ ಏನೂ ಆಗಲಿಲ್ಲ.

ಮೂರನೆಯ ದಿನ ಬೆಳಗಿನ ಬಸ್ಸಿಗೆ ಮತ್ತೆ ಗೋಣಿಚೀಲ ಹೇರಿದೆವು. ಅಣೆಕಟ್ಟಿನ ಹಿನ್ನೀರಿನಲ್ಲಿ ಮೀನು ಹಿಡಿಯುವವರ ಬಳಿ ಇಂಥ ಎಂಜಿನ್ ಇರುತ್ತವೆಂದು ಮಾಮಾನಿಗೆ ಯಾರೋ ಹೇಳಿದ್ದರು. ಸವದತ್ತಿಯಲ್ಲಿ ಇಳಿದು ಆಟೋ ಮಾಡಿಕೊಂಡು ಹೋದೆವು. ಸಣ್ಣಗೆ ಜಿಟಿಜಿಟಿ ಹನಿಯುತ್ತಿತ್ತು. ಹಿನ್ನೀರು ಬೂದು ಬಣ್ಣದ ಆಕಾಶದ ಹಾಗೇ ಕಾಣುತ್ತಿತ್ತು, ಎಲ್ಲಿ ನೀರು ಮುಗಿಯಿತು, ಎಲ್ಲಿ ಮೋಡ ಶುರುವಾಯಿತು ಎಂದು ಹೇಳುವಂತಿರಲಿಲ್ಲ. ಜಾಲಿಯ ಗಿಡಗಳು ಕುತ್ತಿಗೆಯವರೆಗೆ ಮುಳುಗಿದ್ದವು.

ಇಮಾಮಸಾಬ ಎಂಬ ಮೀನುಗಾರ ಬಲೆ ಬಿಡಿಸುತ್ತ ಕೂತಿದ್ದ. ನಮ್ಮ ಮಾತು ಪೂರ್ತಿ ಕೇಳಿದ. ತನ್ನ ದೋಣಿಯ ಎಂಜಿನ್ ಬಿಚ್ಚಿ ನಮ್ಮದನ್ನು ಹಾಕಿ, ತನ್ನ ಟ್ಯಾಂಕಿನ ಪೈಪನ್ನೇ ಜೋಡಿಸಿದ. ಎಂಜಿನ್ ಚಾಲೂ ಆಯಿತು. ಮಾಮಾನನ್ನು ಕೂರಿಸಿಕೊಂಡು ಒಂದು ದೊಡ್ಡ ಸುತ್ತು ಹಾಕಿ ಬಂದ. ಮಾಮಾ ದೋಣಿಯಿಂದ ಇಳಿಯುವಾಗ ಅವನ ಮುಖದಲ್ಲಿ ನಗುವಿರಲಿಲ್ಲ.

“ಎಂಜಿನ್ ಬೇಷ್ ಐತ್ರಿ,” ಎಂದ ಇಮಾಮಸಾಬ. “ಆದ್ರ ಬಿಸಿ ಆದ ಮ್ಯಾಲೆ ಸ್ವಲ್ಪ ಮಿಸುಕತೈತಿ. ಪ್ಲಗ್ಗಿಗೆ ಕಿಡಿ ಕೊಡೂ ಕಾಯಿಲ್ ವೀಕ್ ಇರಬೇಕು. ಬೈಲಹೊಂಗಲದಾಗ ಹೊಸಾದು ಸಿಗತೈತಿ ನೋಡ್ರಿ.”

“ಬಿಸಿ ಆದ ಮ್ಯಾಲಿನ ಮಾತು ಬಿಡು ಸಾಬಣ್ಣ. ನನ್ನ ಕಡೆ ತಣ್ಣಗಿದ್ದಾಗನ ಚಾಲೂ ಆಗವಲ್ದು.”

“ಹಂಗಾರ ನನಗೂ ತಿಳಿವಲ್ದು.” ಅವನು ಅಣೆಕಟ್ಟಿನ ಕಡೆ ನೋಡಿದ. “ನಿಮ್ಮ ಹೊಲ ಕೆಳಗ ಐತೇನ್ರಿ? ಲಗೂ ಮುಗಸ್ಕೊಳ್ರಿ. ನೀರು ಬಾಳ ದಿನ ತಡಿಯಾಂಗಿಲ್ಲ.”

ವಾಪಸು ಹೋಗುವುದೋ, ಮುಂದೆ ಹೋಗುವುದೋ? ಸವದತ್ತಿಯ ನಿಲ್ದಾಣದಲ್ಲಿ ಗೋಣಿಚೀಲದ ಅಕ್ಕಪಕ್ಕ ಕೂತು ನಾವಿಬ್ಬರೂ ಬಹಳ ಹೊತ್ತು ಯೋಚಿಸಿದೆವು. ಸರಿಯಿರುವ ಎಂಜಿನ್ನನ್ನು ರಿಪೇರಿಗೆ ಒಯ್ಯುತ್ತಿದ್ದೇವೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಅದು ಸರಿಯಿಲ್ಲ ಎಂಬುದೂ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ನಂಬುವುದು ಹೇಗೆ ಎಂದು ನನಗೆ ತಿಳಿಯಲಿಲ್ಲ. ಬೈಲಹೊಂಗಲದ ಬಸ್ಸು ಮೊದಲು ಬಂತು, ಹತ್ತಿದೆವು.

ಎದುರಿನ ಸೀಟಿನಲ್ಲಿ ಚಚಡಿ ಎಂಬ ಊರಿನ ಒಬ್ಬ ಹೆಂಗಸು ಕೂತಿದ್ದಳು. ಚೀಲದಿಂದ ಹೊರಗೆ ಬಂದಿದ್ದ ರೆಕ್ಕೆಗಳನ್ನು ನೋಡಿ, “ಇದೇನು ಫ್ಯಾನ್ ಏನ್ರಿ?” ಎಂದು ಕೇಳಿದಳು. ದೋಣಿಯ ಎಂಜಿನ್ ಎಂದೆ. “ನಮ್ಮ ಕಡೆ ದೋಣಿ ಎಲ್ಲಿ ಅದಾವು?” ಎಂದು ಆಕೆ ಕಿಟಕಿಯಿಂದ ಹೊರಗೆ ನೋಡಿದಳು. ಹೊರಗೆ ಮೈಲಿಗಟ್ಟಲೆ ಕರಿನೆಲ, ಹೆಸರಿನ ಪೈರು, ದೂರದಲ್ಲಿ ಎಡೆ ಹೊಡೆಯುವ ಎತ್ತುಗಳು. ನನಗೂ ಆ ಕ್ಷಣ ದೋಣಿಯೆಂಬುದೇ ಸುಳ್ಳು ಅನ್ನಿಸಿತು.

ಬೈಲಹೊಂಗಲದ ಪೇಟೆಯಲ್ಲಿ ಕಾಯಿಲ್ ಸಿಗಲಿಲ್ಲ. ಅಂಗಡಿಯವರು ಹತ್ತಿಯ ಗಿರಣಿಯ ಮೋಟರು, ಟ್ರ್ಯಾಕ್ಟರು, ಕಬ್ಬಿನ ಗಾಣ ಎಲ್ಲದರ ಸಾಮಾನು ತೋರಿಸಿದರು. ದೋಣಿಯದಿಲ್ಲ ಎಂದರು. ಅವರಲ್ಲೊಬ್ಬರು ಕಿತ್ತೂರಿನ ಗ್ಯಾರೇಜಿನ ವಿಳಾಸ ಕೊಟ್ಟರು. ಅಲ್ಲಿಯ ಫರ್ನಾಂಡಿಸ್ ಎಂಬುವರು ಮೊದಲು ಕಾರವಾರದಲ್ಲಿ ದೋಣಿಗಳ ಕೆಲಸ ಮಾಡುತ್ತಿದ್ದರಂತೆ. ಹೊತ್ತು ಮುಳುಗಿತ್ತು. ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಎರಡು ಕೋಣೆ ಹಿಡಿದೆವು. ಊಟಕ್ಕೆ ಕೂತಾಗ ಅತ್ತೆಯ ಫೋನು ಬಂತು, ಮಾಮಾ ಸ್ಪೀಕರು ಹಾಕಿದ.

“ಎಮ್ಮಿ ಈದೈತಿ. ಹೆಣ್ಣು ಕರಾ. ನೀವು ಎಲ್ಲಿ ಇದ್ದೀರಿ?”

“ಬೈಲಹೊಂಗಲದಾಗ,” ಎಂದ ಮಾಮಾ.

“ಹೊಳಿ ಇಲ್ಲಿ ಐತ್ರಿ,” ಎಂದಳು ಅತ್ತೆ.

ಮಾಮಾ ಫೋನು ಇಟ್ಟು ರೊಟ್ಟಿ ಮುರಿಯುತ್ತ ಕೂತ, ತಿನ್ನಲಿಲ್ಲ. “ಹ್ವಾದ ಸಲ ಆಕಿ ಮಾಳಿಗಿ ಮ್ಯಾಲೆ ಕುಂತಾಗ ನಾ ಈಚೆ ದಂಡಿಗೆ ನಿಂತಿದ್ದೆ,” ಎಂದ. “ಒದರಿದ್ರ ಕೇಳಸ್ತಿತ್ತು. ಅಷ್ಟ ಹತ್ರ. ಏನೂ ಮಾಡಾಕ ಆಗಲಿಲ್ಲವ್ವಾ.” ಅವನು ಹೀಗೆ ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ. ನಾನು ಅವನ ತಟ್ಟೆಗೆ ಪಲ್ಯ ಬಡಿಸಿದೆ.

ನಾಲ್ಕನೆಯ ದಿನ ಕಿತ್ತೂರಿಗೆ ಹೋಗುವಾಗ ಮಳೆ ನಿಜವಾಗಿ ಹಿಡಿದಿತ್ತು. ಕೋಟೆಯ ಹತ್ತಿರ ಇಳಿದು, ಕೆಸರಿನಲ್ಲಿ ಚೀಲ ಹೊತ್ತು ಗ್ಯಾರೇಜು ಹುಡುಕಿದೆವು. ಫರ್ನಾಂಡಿಸ್ ನಮ್ಮನ್ನು ಒಳಗೆ ಕೂರಿಸಿ ಚಹಾ ತರಿಸಿದರು. ಅವರೂ ಎಂಜಿನ್ನನ್ನು ಡ್ರಮ್ಮಿಗೆ ಇಳಿಸಿದರು, ಅವರೂ ಬಾಟಲಿ ತೂಗುಹಾಕಿದರು. ಅದು ಚಾಲೂ ಆಯಿತು. ಈ ಸಲ ಮಾಮಾ ಅದನ್ನು ನೋಡಲೂ ಇಲ್ಲ, ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ.

“ಕಾಯಿಲ್ ಹಳೇದು. ಹಾಕಿಕೊಡ್ತೀನಿ, ಪ್ಲಗ್ಗೂ ಹೊಸದು ಹಾಕ್ತೀನಿ,” ಎಂದರು ಫರ್ನಾಂಡಿಸ್. “ಆದರೆ ಇಷ್ಟಕ್ಕೇ ಎಂಜಿನ್ ಚಾಲೂ ಆಗದೆ ಇರುವುದಿಲ್ಲ. ಟ್ಯಾಂಕು, ಪೈಪು ಎಲ್ಲಿ?”

“ಊರಾಗ ಅದಾವ್ರಿ. ಬಸ್ಸಿನಾಗ ಹತ್ತಸಲಿಲ್ಲ,” ಎಂದ ಮಾಮಾ.

“ಹಾಗಾದರೆ ನಾನು ಅರ್ಧ ಎಂಜಿನ್ ಮಾತ್ರ ನೋಡಿದ ಹಾಗಾಯಿತು.” ಅವರು ತಮ್ಮ ಫೋನ್ ನಂಬರು ಬರೆದುಕೊಟ್ಟರು. “ಊರಿಗೆ ಹೋಗಿ ಫೋನ್ ಮಾಡಿ. ಪೆಟ್ರೋಲು ಎಂಜಿನ್ನಿಗೆ ಬರುತ್ತಿದೆಯೋ ಇಲ್ಲವೋ ಅದನ್ನು ಮೊದಲು ನೋಡಿ.”

ವಾಪಸಿನ ದಾರಿ ನನಗೆ ತುಂಡುತುಂಡಾಗಿ ನೆನಪಿದೆ. ಬೈಲಹೊಂಗಲದಲ್ಲಿ ಬಸ್ಸು ತಪ್ಪಿತು. ಮುಂದಿನದರಲ್ಲಿ ನಿಲ್ಲಲು ಮಾತ್ರ ಜಾಗ. ಸವದತ್ತಿಯಲ್ಲಿ ಇಳಿಯುವಾಗಲೇ ಜನರ ಬಾಯಲ್ಲಿ ಒಂದೇ ಮಾತಿತ್ತು: ಬೆಳಿಗ್ಗೆಯೇ ಗೇಟು ತೆರೆದಿದ್ದಾರೆ. ಮಾಮಾ ಅತ್ತೆಗೆ ಫೋನು ಹಚ್ಚಿದ. ಹತ್ತಲಿಲ್ಲ. ಮತ್ತೆ ಹಚ್ಚಿದ. ರಾಮದುರ್ಗದ ಬಸ್ಸಿನಲ್ಲಿ ಕೂತು, ನೀರು ನಮಗಿಂತ ಮುಂದಿದೆಯೋ ಹಿಂದಿದೆಯೋ ಎಂದು ಕಿಟಕಿಯಿಂದ ನೋಡುತ್ತಿದ್ದೆ. ಆ ರಸ್ತೆಯಿಂದ ಹೊಳೆ ಕಾಣುವುದೇ ಇಲ್ಲ ಎಂಬುದು ಗೊತ್ತಿದ್ದೂ ನೋಡುತ್ತಿದ್ದೆ.

ಈರಪ್ಪ ಬೇವಿನ ಮರದ ಕೆಳಗೆ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದ. ಹಿಂದಿನ ಹಳ್ಳ ತುಂಬಿದೆ, ಹೊಲದ ಮನೆಯ ಅಂಗಳಕ್ಕೆ ನೀರು ಬಂದಿದೆ, ಅತ್ತೆಯ ಫೋನಿನ ಬ್ಯಾಟರಿ ಮುಗಿದಿದೆ ಎಂದ. ರಾಮದುರ್ಗದ ತಾಲೂಕು ಕಚೇರಿಯವರು ದೋಣಿ ಕಳಿಸುತ್ತೇವೆ ಎಂದಿದ್ದಾರೆ, ಆದರೆ ಕೆಳಗಿನ ಊರುಗಳಿಗೆ ಹೋಗಿ ಬರಬೇಕು, ಹೊತ್ತಾಗುತ್ತದೆ. ಮಾಮಾ ಚೀಲವನ್ನು ಬೈಕಿನ ಮೇಲೆ ಇಟ್ಟ. ನಾನು ಹಿಂದಿನಿಂದ ಓಡಿದೆ.

ಹೊಳೆ ಗುರುತು ಸಿಗದಷ್ಟು ಅಗಲವಾಗಿತ್ತು. ಕೆಂಪು ನೀರು, ಅದರಲ್ಲಿ ಬೇರು ಸಮೇತ ತೇಲುವ ಗಿಡಗಳು. ಆಚೆ ಅತ್ತೆ ಮನೆಯ ಕಟ್ಟೆಯ ಮೇಲೆ ನಿಂತಿದ್ದಳು. ಕೈ ಬೀಸಲಿಲ್ಲ. ಅವಳ ಕಾಲಿನ ಹತ್ತಿರ ಏನೋ ಕಪ್ಪಗೆ ಮಿಸುಕುತ್ತಿತ್ತು.

ಎಂಜಿನ್ ಕಚ್ಚಿಸಿ ಪೈಪು ಸಿಕ್ಕಿಸಿದರು. ಮಾಮಾ ಹಗ್ಗ ಎಳೆದ. ಏನೂ ಇಲ್ಲ. ಹೊಸ ಕಾಯಿಲ್, ಹೊಸ ಪ್ಲಗ್, ಎಲ್ಲ ಇದ್ದೂ ಏನೂ ಇಲ್ಲ. ನಾನು ಫರ್ನಾಂಡಿಸ್ ಅವರಿಗೆ ಫೋನು ಮಾಡಿದೆ.

“ಪೈಪಿನ ನಡುವೆ ರಬ್ಬರಿನ ಉಂಡೆ ಇದೆಯಲ್ಲ, ಅದನ್ನು ಹಿಸುಕಿ. ಹಿಸುಕುತ್ತ ಹೋದರೆ ಪೆಟ್ರೋಲು ತುಂಬಿ ಗಟ್ಟಿಯಾಗಬೇಕು.”

ಹಿಸುಕಿದೆ. ಗಟ್ಟಿಯಾಗಲಿಲ್ಲ. ಟ್ಯಾಂಕಿನ ಮುಚ್ಚಳದ ಮೇಲೊಂದು ಗಾಳಿಯ ತಿರುಪು ಇರುತ್ತದೆ, ಅದನ್ನು ಸಡಿಲಿಸಿ ಎಂದರು. ಈರಪ್ಪ ಸಡಿಲಿಸಿದ. ಮತ್ತೆ ಹಿಸುಕಿದೆ. ಮೆತ್ತಗೇ ಇತ್ತು. “ಉಂಡೆಯ ಮೇಲೆ ಬಾಣ...” ಎಂದು ಅವರು ಏನೋ ಹೇಳುವಾಗ ಫೋನು ಕಡಿಯಿತು. ಮತ್ತೆ ಹತ್ತಲಿಲ್ಲ.

ಸೆರಗಿನಿಂದ ಉಂಡೆಯ ಮೇಲಿನ ಎಣ್ಣೆಯ ಕೊಳೆ ಒರೆಸಿದೆ. ಅಡಿಯಲ್ಲಿ ಒಂದು ಬಾಣದ ಗುರುತು ಕಂಡಿತು. ಅದರ ಮೊನೆ ಟ್ಯಾಂಕಿನ ಕಡೆಗಿತ್ತು. ಅದು ಸರಿಯೋ ತಪ್ಪೋ ನನಗೆ ತಿಳಿಯದು. ಬಾಣ ಟ್ಯಾಂಕನ್ನು ತೋರಿಸಬೇಕೋ, ಎಂಜಿನ್ನನ್ನು ತೋರಿಸಬೇಕೋ?

“ಮಾಮಾ, ಈ ಪೈಪು ಯಾರರೆ ಬಿಚ್ಚಿದ್ರೇನು?”

“ಟೆಂಪೋದಾಗಿಂದ ಇಳಸೂವಾಗ ಕಳಚಿತ್ತು. ನಾನ ಕೂಡಿಸೇನಿ. ಯಾಕ?”

“ತಿರುವಿ ಹಾಕೋಣು.”

“ಅದರಿಂದ ಏನಾಗತೈತಿ?”

“ಗೊತ್ತಿಲ್ಲ ಮಾಮಾ. ಪೆಟ್ರೋಲ್ ಈ ಕಡೆ ಬರಬೇಕು, ಬಾಣ ಆ ಕಡೆ ಐತಿ.”

ಮಾಮಾ ನನ್ನ ಮುಖ ನೋಡಿದ, ಆಮೇಲೆ ಆಚೆ ದಂಡೆ ನೋಡಿದ. ಈರಪ್ಪ ಕ್ಲಿಪ್ಪು ಸಡಿಲಿಸಿ ಉಂಡೆಯನ್ನು ಹಿಂದುಮುಂದು ಮಾಡಿ ಸಿಕ್ಕಿಸಿದ. ನಾನು ಹಿಸುಕಿದೆ. ಮೊದಲು ಮೆತ್ತಗೆ, ಆಮೇಲೆ ಅಂಗೈಯಲ್ಲಿ ಅದು ಹಸಿ ಮಾವಿನಕಾಯಿಯ ಹಾಗೆ ಗಟ್ಟಿಯಾಯಿತು. ಮಾಮಾ ಹಗ್ಗ ಎಳೆದ. ಎಂಜಿನ್ ಕೆಮ್ಮಿತು. ಇನ್ನೊಮ್ಮೆ ಎಳೆದ, ಅದು ಹೊಗೆ ಕಾರಿ ಗುಡುಗತೊಡಗಿತು.

“ನೀ ಹತ್ತು,” ಎಂದ ಮಾಮಾ ನನಗೆ. “ಆ ಉಂಡಿ ಹಿಚಕ್ಕೋತ ಕುಂಡರು. ಬಿಡಬ್ಯಾಡ.”

ಎಂಜಿನ್ ಓಡತೊಡಗಿದ ಮೇಲೆ ಉಂಡೆ ಹಿಸುಕುವುದು ಬೇಕಿರಲಿಲ್ಲವೆಂದು ಆಮೇಲೆ ತಿಳಿಯಿತು. ಆಗ ತಿಳಿದಿರಲಿಲ್ಲ. ಈರಪ್ಪ ಮುಂದೆ ಬಿದಿರು ಹಿಡಿದು ತೇಲಿಬರುವ ಗಿಡಗಳನ್ನು ತಳ್ಳುತ್ತಿದ್ದ, ಮಾಮಾ ಹಿಂದೆ ಎಂಜಿನ್ ಹಿಡಿದಿದ್ದ, ನಾನು ನಡುವೆ ತಲೆತಗ್ಗಿಸಿ ಉಂಡೆ ಹಿಸುಕುತ್ತಿದ್ದೆ. ನೀರನ್ನು ನೋಡಲು ನನಗೆ ಧೈರ್ಯವಿರಲಿಲ್ಲ.

ಮನೆಯ ಕಟ್ಟೆಗೇ ದೋಣಿ ತಾಗಿತು. ಅತ್ತೆ ಮೊಣಕಾಲ ನೀರಿನಲ್ಲಿ ನಿಂತು ಕರುವನ್ನು ಅಪ್ಪಿ ಹಿಡಿದಿದ್ದಳು. ಉಳಿದ ಮೂರು ಎಮ್ಮೆಗಳ ಹಗ್ಗ ಕೊಯ್ದು ಹೊಲದ ತುದಿಯ ದಿಬ್ಬದ ಕಡೆ ಅಟ್ಟಿದ್ದಳು. ಈದ ಎಮ್ಮೆ ಮಾತ್ರ ಕರುವನ್ನು ಬಿಟ್ಟು ಹೋಗದೆ ಅಲ್ಲೇ ನಿಂತಿತ್ತು.

“ಲಗೂ ಹತ್ತು,” ಎಂದ ಮಾಮಾ.

“ಏನಂದ್ರಿ? ಅದನ್ನ ಬಂದ್ ಮಾಡ್ರಿ, ಏನೂ ಕೇಳಸವಲ್ದು.”

“ಬಂದ್ ಮಾಡಂಗಿಲ್ಲ.”

“ಯಾಕ?”

“ಮತ್ತ ಚಾಲೂ ಆಗತೈತೋ ಇಲ್ಲೋ ಯಾರಿಗೆ ಗೊತ್ತು? ಹತ್ತು.”

ಅತ್ತೆ ಕರುವನ್ನು ನನ್ನ ಮಡಿಲಿಗೆ ಹಾಕಿದಳು. ಅದು ನೀರಿನಲ್ಲಿ ತೊಯ್ದು ನಡುಗುತ್ತಿತ್ತು. ನಾನು ಒಂದು ಕೈಯಲ್ಲಿ ಅದನ್ನು ತಬ್ಬಿ ಇನ್ನೊಂದರಿಂದ ಉಂಡೆ ಹಿಸುಕಿದೆ. ಅತ್ತೆ ಎಮ್ಮೆಯ ಹಗ್ಗ ಹಿಡಿದು ದೋಣಿ ಹತ್ತಿದಳು. ಹೊರಟಾಗ ಎಮ್ಮೆ ಒಂದು ಸಲ ಹಿಂದಕ್ಕೆ ಜಗ್ಗಿತು. ಕರು ಕೂಗಿತು. ಎಮ್ಮೆ ನೀರಿಗೆ ಬಿದ್ದು ನಮ್ಮ ಪಕ್ಕಕ್ಕೆ ಈಜತೊಡಗಿತು. ಅತ್ತೆ ಬಾಗಿ ಅದರ ಗದ್ದವನ್ನು ಅಂಗೈಯಲ್ಲಿ ಎತ್ತಿ ಹಿಡಿದು, ದಾರಿಯುದ್ದಕ್ಕೂ ಅದರ ಜೊತೆ ಮಾತಾಡುತ್ತಿದ್ದಳು. “ಬಾ ನನ್ನವ್ವಾ. ಇನ್ನೊಂದೀಟ. ಇಲ್ಲೇ ಐತಿ ನೋಡು ನಿನ್ನ ಮಗಳು.” ನಡುಹೊಳೆಯಲ್ಲಿ ಸೆಳವು ನಮ್ಮನ್ನು ಕೆಳಗೆ ತಳ್ಳಿತು. ದೋಣಿ ಅಡ್ಡವಾಯಿತು. ಮಾಮಾ ಹಲ್ಲುಕಚ್ಚಿ ಎಂಜಿನ್ನನ್ನು ತಿರುಗಿಸಿದ. ಎಂಜಿನ್ ನಿಲ್ಲಲಿಲ್ಲ. ನಮ್ಮ ಊರಿನಿಂದ ಬಹಳ ಕೆಳಗೆ, ಯಾರದೋ ಜೋಳದ ಹೊಲದಲ್ಲಿ ದಂಡೆ ಮುಟ್ಟಿದೆವು.

ಎಮ್ಮೆ ಮೇಲೆ ಹತ್ತಿ ಮೊಣಕಾಲೂರಿತು. ಕರುವನ್ನು ಅದರ ಮುಂದೆ ಇಳಿಸಿದೆ, ಅದು ನೆಕ್ಕತೊಡಗಿತು. ಆಗ ಮಾತ್ರ ಮಾಮಾ ಎಂಜಿನ್ ಬಂದ್ ಮಾಡಿದ. ಆ ಮೌನದಲ್ಲಿ ಹೊಳೆಯ ಸದ್ದು ಮೊದಲ ಸಲ ಕೇಳಿಸಿತು.

“ಏನಾಗಿತ್ತು ಅದಕ್ಕ?” ಎಂದು ಅತ್ತೆ ಕೇಳಿದಳು.

“ಕಾಯಿಲ್ ಹೋಗಿತ್ತು. ಹೊಸಾದು ಹಾಕಿಸಿದಿವಿ,” ಎಂದ ಮಾಮಾ.

“ಮುಚ್ಚಳದ ತಿರುಪು ಬಿಗದಿತ್ತು,” ಎಂದ ಈರಪ್ಪ.

ಬಾಣದ ಮಾತನ್ನು ನಾನೂ ಹೇಳಿದೆ. ಅತ್ತೆ ಮೂವರನ್ನೂ ನೋಡಿದಳು, ಸೀರೆಯ ನೆರಿಗೆ ಹಿಂಡಿಕೊಂಡಳು. “ಹಂಗಾರ ಯಾರಿಗೂ ಗೊತ್ತಿಲ್ಲ,” ಎಂದು ಎಮ್ಮೆಯ ಹತ್ತಿರ ಕೂತುಬಿಟ್ಟಳು. ಅವಳ ಭುಜ ಅಲುಗುತ್ತಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಹಿಂದಿನಿಂದ ತಿಳಿಯಲಿಲ್ಲ. ಮಾಮಾ ಹೋಗಿ ಅವಳ ಪಕ್ಕ ಕೂತ.

ಮರುದಿನ ಮಳೆ ನಿಂತು ಹೊಳವಾಗಿತ್ತು, ಸೆಳವೂ ತುಸು ತಗ್ಗಿತ್ತು. ಹೊಲದ ಮನೆಯ ಬಾಗಿಲು ಮುಳುಗಿ, ಮಾಳಿಗೆಯ ಅಂಚು ಮಾತ್ರ ಕಾಣುತ್ತಿತ್ತು. ದಿಬ್ಬದ ಮೇಲೆ ಮೂರು ಕಪ್ಪು ಚುಕ್ಕೆಗಳಿದ್ದವು. ಮೂರೂ ಇವೆ ಎಂದು ಅತ್ತೆ ಎಲ್ಲರಿಂದಲೂ ಎಣಿಸಿ ಹೇಳಿಸಿಕೊಂಡಳು. ಅವಕ್ಕೆ ಮೇವು ಒಯ್ಯಬೇಕಿತ್ತು. ಮಾಮಾ ದೋಣಿಯಲ್ಲಿ ಜೋಳದ ಕಣಿಕೆಯ ಸಿವುಡುಗಳನ್ನು, ಕಟ್ಟಿನ ಮೇಲೆ ಕಟ್ಟು, ಹೇರುತ್ತಿದ್ದ. ನನ್ನ ರಜೆ ಮುಗಿದಿತ್ತು. ಅತ್ತೆ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ಚೀಲಕ್ಕೆ ಹಾಕಿಕೊಂಡೆ. ಇಬ್ಬರಿಗೂ ಕಾಲುಮುಟ್ಟಿ ನಮಸ್ಕರಿಸಿ ರಸ್ತೆಗೆ ಬಂದೆ. ಸೇತುವೆಯ ಮೇಲೆ ನೀರಿದ್ದುದರಿಂದ ಬಸ್ಸು ಸುತ್ತುಹಾಕಿ ಏರಿನ ದಾರಿಯಲ್ಲಿ ಹೋಗುತ್ತದೆ ಎಂದರು.

ಏರಿನ ತಿರುವಿನಲ್ಲಿ ಹೊಳೆ ಪೂರ್ತಿ ಕಂಡಿತು. ಕೆಂಪು ನೀರಿನ ನಡುವೆ ನೀಲಿ ದೋಣಿ, ಅದರ ಮೇಲೆ ಗುಡ್ಡದಂತೆ ಮೇವು, ಇಬ್ಬರು ಮನುಷ್ಯರು. ನಾನು ಕಿಟಕಿಯ ಗಾಜು ಸರಿಸಿ ಕಿವಿಗೊಟ್ಟೆ. ಬಸ್ಸಿನ ಸದ್ದಿನಲ್ಲಿ ಬೇರೇನೂ ಕೇಳಿಸಲಿಲ್ಲ. ಎಂಜಿನ್ ಓಡುತ್ತಿತ್ತೋ, ಅವರು ಹುಟ್ಟು ಹಾಕುತ್ತಿದ್ದರೋ ಅಷ್ಟು ದೂರದಿಂದ ತಿಳಿಯಲಿಲ್ಲ. ದೋಣಿ ಮಾತ್ರ ಆಚೆ ದಂಡೆಯ ಕಡೆ ಹೋಗುತ್ತಿತ್ತು.